ಬಿಸಿಲು, ಚರ್ಮ ಮತ್ತು ಆರೋಗ್ಯ ಸೇವಕರು: ಒಂದು ಚಾರಿತ್ರಿಕ ವಿವೇಚನೆ

ಸಾರ್ವಜನಿಕ ಆರೋಗ್ಯದ ಚರಿತ್ರೆಯನ್ನು ಬರೆಯುವವರು ರೋಗಗಳನ್ನೂ ಔಷಧಗಳನ್ನೂ ಶಾಸನಗಳನ್ನೂ ಮುಂದಿಟ್ಟುಕೊಂಡು ಬರೆಯುವುದು ವಾಡಿಕೆ. ಸಿಡುಬು ನಮ್ಮ ದೇಶದಿಂದ ಎಂದು ತೊಲಗಿತು, ಮಲೇರಿಯದ ಹಾವಳಿ ಎಷ್ಟರಮಟ್ಟಿಗೆ ತಗ್ಗಿತು, ಯಾವ ವರ್ಷದಲ್ಲಿ ಯಾವ ಯೋಜನೆ ಜಾರಿಗೆ ಬಂತು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವ ಗ್ರಂಥಗಳು ಸಾಕಷ್ಟಿವೆ. ಆದರೆ ಈ ಯೋಜನೆಗಳನ್ನು ಊರಿನಿಂದ ಊರಿಗೆ, ಮನೆಯಿಂದ ಮನೆಗೆ ಕಾಲ್ನಡಿಗೆಯಲ್ಲಿ ಒಯ್ದವರ ದೇಹಕ್ಕೆ ಆ ನಡಿಗೆಯಿಂದ ಏನಾಯಿತು ಎಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಹಿಂದಿನ ದೇವಿ ಹಾಕುವವರು, ಅನಂತರದ ಮಲೇರಿಯ ಕಣ್ಗಾವಲು ಸಿಬ್ಬಂದಿ, ಕಿರಿಯ ಆರೋಗ್ಯ ಸಹಾಯಕಿಯರು, ಇಂದಿನ ಆಶಾ ಕಾರ್ಯಕರ್ತೆಯರು ಇವರೆಲ್ಲರ ಕೆಲಸದ ಸ್ಥಳ ಬಯಲು. ಕೆಲಸದ ಹೊತ್ತು ಹಗಲು. ಅವರ ಮೈಮೇಲೆ ಬಿದ್ದ ಬಿಸಿಲಿಗೆ ಲೆಕ್ಕವಿಟ್ಟವರು ವಿರಳ.

ಬಿಸಿಲಿನಿಂದ ಚರ್ಮಕ್ಕೆ ಆಗುವ ಹಾನಿಯ ಜ್ಞಾನ ಹೇಗೆ ಬೆಳೆಯಿತು, ಆ ಜ್ಞಾನ ಯಾರ ಚರ್ಮವನ್ನು ನೋಡಿ ಬೆಳೆಯಿತು, ನಮ್ಮ ನಾಡಿನ ಬಯಲು ಆರೋಗ್ಯ ಸೇವಕರಿಗೆ ಅದರಿಂದ ದೊರೆತುದೆಷ್ಟು ಎಂಬ ಮೂರು ವಿಷಯಗಳನ್ನು ಸಂಕ್ಷೇಪವಾಗಿ ವಿವೇಚಿಸುವುದು ಈ ಲೇಖನದ ಉದ್ದೇಶ. ವಿಷಯ ವೈದ್ಯಶಾಸ್ತ್ರದ್ದಾದರೂ ಪ್ರಶ್ನೆ ಚರಿತ್ರೆಯದು. ಯಾವ ವಿಚಾರವನ್ನು ಒಂದು ಸಮಾಜ ಎಣಿಸುತ್ತದೆ, ಯಾವುದನ್ನು ಎಣಿಸದೆ ಬಿಡುತ್ತದೆ ಎಂಬುದೂ ಚರಿತ್ರೆಯ ಭಾಗವೇ ಆಗಿದೆ.

೧. ಶಾಖವೋ, ಕಿರಣವೋ?

ಬಿಸಿಲು ಮೈಯನ್ನು ಸುಡುತ್ತದೆ ಎಂಬುದು ಎಲ್ಲ ಕಾಲದ ಜನರಿಗೂ ತಿಳಿದಿದ್ದ ಸಂಗತಿ. ಸುಡುವುದು ಶಾಖವೇ ಎಂಬುದು ಸಹಜವಾದ ಊಹೆ. ಈ ಊಹೆ ತಪ್ಪೆಂದು ತಿಳಿಯಲು ಹೆಚ್ಚುಕಡಿಮೆ ಒಂದು ಶತಮಾನವೇ ಹಿಡಿಯಿತು.

೧೮೦೦ರಲ್ಲಿ ವಿಲಿಯಂ ಹರ್ಷೆಲನು ಕೆಂಪು ಬೆಳಕಿನ ಆಚೆಗೆ ಕಣ್ಣಿಗೆ ಕಾಣದ ಉಷ್ಣಕಿರಣಗಳಿರುವುದನ್ನು ಕಂಡನು. ಮರುವರ್ಷ ಜರ್ಮನಿಯ ಯೇನಾ ನಗರದಲ್ಲಿ ಯೋಹಾನ್ ವಿಲ್ಹೆಲ್ಮ್ ರಿಟರನು ಕಾಮನಬಿಲ್ಲಿನ ಇನ್ನೊಂದು ತುದಿಯನ್ನು ಪರೀಕ್ಷಿಸಿದನು. ನೇರಳೆಯ ಆಚೆ, ಬೆಳಕೇ ಇಲ್ಲದಂತೆ ತೋರುವ ಸ್ಥಳದಲ್ಲಿಟ್ಟ ಬೆಳ್ಳಿಯ ಕ್ಲೋರೈಡು ಬೇಗನೆ ಕಪ್ಪಾಯಿತು. ಇಂದು ಅತಿನೇರಳೆ ಎಂದು ಕರೆಯುವ ಕಿರಣಗಳು ಮನುಷ್ಯನ ಅರಿವಿಗೆ ಬಂದುದು ಹೀಗೆ. ಆದರೆ ಇವಕ್ಕೂ ಚರ್ಮಕ್ಕೂ ಸಂಬಂಧವುಂಟೆಂದು ಆಗ ಯಾರೂ ತಿಳಿದಿರಲಿಲ್ಲ.

ಇಂಗ್ಲೆಂಡಿನ ಶಸ್ತ್ರವೈದ್ಯ ಎವರಾರ್ಡ್ ಹೋಮ್ ೧೮೨೦ರಲ್ಲಿ ನಡೆಸಿದ ಪ್ರಯೋಗ ಈ ದೃಷ್ಟಿಯಿಂದ ಸ್ಮರಣೀಯವಾದುದು. ಆತನು ತನ್ನ ಒಂದು ಕೈಯನ್ನು ಬಿಸಿಲಿಗೆ ಬರಿದಾಗಿ ಒಡ್ಡಿದನು. ಇನ್ನೊಂದನ್ನು ಕಪ್ಪು ಬಟ್ಟೆಯಿಂದ ಮುಚ್ಚಿದನು. ಕಪ್ಪು ಬಟ್ಟೆಯ ಕೆಳಗೆ ಉಷ್ಣಮಾಪಕವು ಹೆಚ್ಚಿನ ಶಾಖವನ್ನು ತೋರಿಸಿತು. ಆದರೂ ಸುಟ್ಟುಹೋದದ್ದು ಬರಿಗೈ. ಕಪ್ಪು ಚರ್ಮವು ಬಿಸಿಲಿನ ವಿರುದ್ಧ ಒಂದು ರಕ್ಷೆಯೆಂದು ಹೋಮ್ ತೀರ್ಮಾನಿಸಿದನು. ಶಾಖ ಬೇರೆ, ಸುಡುವ ಗುಣ ಬೇರೆ ಎಂಬ ಸೂಚನೆ ಈ ಪ್ರಯೋಗದಲ್ಲಿ ಅಡಗಿತ್ತು. ೧೮೮೯ರಲ್ಲಿ ಸ್ವೀಡನ್ನಿನ ನೇತ್ರವೈದ್ಯ ಎರಿಕ್ ಯೋಹಾನ್ ವಿಡ್‌ಮಾರ್ಕನು ಇದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಥಾಪಿಸಿದನು. ಬೆಳಕನ್ನು ನೀರಿನ ಮೂಲಕ ಹಾಯಿಸಿ ಶಾಖವನ್ನು ತೆಗೆದರೂ ಚರ್ಮ ಕೆಂಪೇರುತ್ತಿತ್ತು; ಅತಿನೇರಳೆಯನ್ನು ಹೀರುವ ಕ್ವಿನೈನಿನ ದ್ರಾವಣದ ಮೂಲಕ ಹಾಯಿಸಿದಾಗ ಕೆಂಪೇರುತ್ತಿರಲಿಲ್ಲ.

ಪ್ರಯೋಗಶಾಲೆಯಿಂದ ಹೊರಗೆ ಈ ಜ್ಞಾನವನ್ನು ಮುಂದಕ್ಕೆ ಒಯ್ದವರು ದುಡಿಯುವ ಜನರನ್ನು ಪರೀಕ್ಷಿಸಿದ ವೈದ್ಯರು. ಹ್ಯಾಂಬರ್ಗಿನ ಪೌಲ್ ಉನ್ನಾ ೧೮೯೪ರಲ್ಲಿ ನಾವಿಕರ ಮುಖ ಮತ್ತು ಕೈಗಳ ಚರ್ಮದಲ್ಲಿ ಕಾಣುವ ವಿಕಾರಗಳನ್ನು ವರ್ಣಿಸಿ, ಅವು ಕ್ಯಾನ್ಸರಿಗೆ, ಅಂದರೆ ಏಡಿಗಂತಿಗೆ, ತಿರುಗುವುದನ್ನು ಗುರುತಿಸಿದನು. ಅದೇ ಕಾಲದಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವಿಲಿಯಂ ಡುಬ್ರಯ್ ದ್ರಾಕ್ಷಿತೋಟದ ಆಳುಗಳಲ್ಲಿ ಇದೇ ಬಗೆಯ ವಿಕಾರಗಳನ್ನು ಕಂಡು, ನೆರಳಿನಲ್ಲಿ ಬಾಳುವ ಪಟ್ಟಣಿಗರೊಡನೆ ಹೋಲಿಸಿದನು. ೧೯೧೮ರಲ್ಲಿ ಸಿಡ್ನಿಯ ನಾರ್ಮನ್ ಪಾಲ್ ಸೂರ್ಯಪ್ರಕಾಶ ಮತ್ತು ಚರ್ಮದ ಕ್ಯಾನ್ಸರನ್ನು ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದನು. ೧೯೨೮ರಲ್ಲಿ ಲಂಡನ್ನಿನ ಜಿ. ಎಂ. ಫಿಂಡ್ಲೆ ಅತಿನೇರಳೆ ಕಿರಣಗಳನ್ನು ಬಿಟ್ಟು ಇಲಿಗಳ ಚರ್ಮದಲ್ಲಿ ಗಂತಿಗಳನ್ನು ಉಂಟುಮಾಡಿ ತೋರಿಸಿದನು. ಕೊನೆಗೆ ೧೯೯೨ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಸೂರ್ಯವಿಕಿರಣವನ್ನು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ನಿಶ್ಚಿತ ಕಾರಣಗಳ ವರ್ಗದಲ್ಲಿ ಸೇರಿಸಿತು.

ನಾವಿಕ, ದ್ರಾಕ್ಷಿತೋಟದ ಆಳು, ಆಸ್ಟ್ರೇಲಿಯದ ವಲಸೆಗಾರ ಇವರೆಲ್ಲರೂ ಬಿಳಿಯ ಚರ್ಮದವರೆಂಬುದನ್ನು ವಾಚಕರು ಗಮನಿಸಬೇಕು. ಈ ಸಂಗತಿಯ ಪರಿಣಾಮವನ್ನು ಮುಂದೆ ನೋಡೋಣ.

೨. ಹಾನಿ ಆಗುವ ಬಗೆ

ಅತಿನೇರಳೆ ಕಿರಣಗಳಲ್ಲಿ ಮೂರು ಪಂಗಡಗಳನ್ನು ಮಾಡುವುದು ರೂಢಿ. ಅತ್ಯಂತ ಹ್ರಸ್ವವಾದ 'ಸಿ' ಪಂಗಡವನ್ನು ಆಕಾಶದ ಓಜೋನ್ ಪದರವು ಪೂರ್ಣವಾಗಿ ತಡೆಯುತ್ತದೆ. ೨೮೦ರಿಂದ ೩೧೫ ನ್ಯಾನೊಮೀಟರಿನವರೆಗಿನ 'ಬಿ' ಪಂಗಡದ ಅಲ್ಪಾಂಶ ಮಾತ್ರ ನೆಲಕ್ಕೆ ತಲಪುತ್ತದೆ. ೩೧೫ರಿಂದ ೪೦೦ರವರೆಗಿನ 'ಎ' ಪಂಗಡದ ಹೆಚ್ಚಿನ ಭಾಗ ತಲಪುತ್ತದೆ. 'ಬಿ' ಕಿರಣಗಳು ಚರ್ಮದ ಮೇಲುಪದರದಲ್ಲಿಯೇ ಬಹುಮಟ್ಟಿಗೆ ನಿಂತು, ಜೀವಕೋಶಗಳ ಡಿ.ಎನ್.ಎ. ಎಳೆಯಲ್ಲಿ ಅಕ್ಕಪಕ್ಕದ ಘಟಕಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತವೆ. 'ಎ' ಕಿರಣಗಳು ಇನ್ನೂ ಆಳಕ್ಕೆ ಇಳಿದು, ಚರ್ಮಕ್ಕೆ ಬಿಗಿಯನ್ನು ಕೊಡುವ ನಾರುಗಳನ್ನು ಸಡಿಲಗೊಳಿಸುತ್ತವೆ.

ದೇಹ ಈ ಗಾಯಗಳನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಹಾಗೆ ಸರಿಪಡಿಸುವ ಶಕ್ತಿ ಹುಟ್ಟಿನಿಂದಲೇ ಕುಂದಿರುವ ಒಂದು ಅಪರೂಪದ ರೋಗವನ್ನು ಅಭ್ಯಸಿಸಿ ೧೯೬೮ರಲ್ಲಿ ಜೇಮ್ಸ್ ಕ್ಲೀವರ್ ಈ ದುರಸ್ತಿಯ ಮಹತ್ತ್ವವನ್ನು ತೋರಿಸಿಕೊಟ್ಟನು. ಆದರೆ ದುರಸ್ತಿ ಎಂದೂ ಪೂರ್ಣವಲ್ಲ. ಪ್ರತಿದಿನ ಉಳಿದ ಅಲ್ಪಸ್ವಲ್ಪ ತಪ್ಪುಗಳು ವರ್ಷಗಳ ಕಾಲ ಕೂಡುತ್ತ ಹೋಗುತ್ತವೆ. ಆದುದರಿಂದ ಒಂದು ದಿನ ಸಮುದ್ರತೀರದಲ್ಲಿ ಮೈಕಾಯಿಸಿದವನ ಬಿಸಿಲಿಗೂ ಇಪ್ಪತ್ತು ವರ್ಷ ದಿನಂಪ್ರತಿ ಬೀದಿ ಸುತ್ತಿದವಳ ಬಿಸಿಲಿಗೂ ವ್ಯತ್ಯಾಸವುಂಟು.

ಇಲ್ಲಿ ಒಂದು ಮುಖ್ಯವಾದ ವಿಷಯವನ್ನು ಸ್ಪಷ್ಟಪಡಿಸಬೇಕು. ಶಾಖದ ಗಡಿಯಾರವೂ ಅತಿನೇರಳೆಯ ಗಡಿಯಾರವೂ ಒಂದೇ ಅಲ್ಲ. ಶಾಖವು ಮಧ್ಯಾಹ್ನ ಎರಡು ಗಂಟೆಯಿಂದ ನಾಲ್ಕರ ನಡುವೆ ಅತ್ಯಧಿಕವಾಗಿರುತ್ತದೆ. ಅತಿನೇರಳೆಯಾದರೋ ಸೂರ್ಯ ನೆತ್ತಿಗೆ ಬಂದಾಗಲೇ ತುತ್ತತುದಿಯಲ್ಲಿರುತ್ತದೆ. ದಿನದ ಅತಿನೇರಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹತ್ತು ಗಂಟೆಯಿಂದ ಎರಡರವರೆಗಿನ ಅವಧಿಯಲ್ಲಿಯೇ ಬೀಳುತ್ತದೆ. ಹೀಗಾಗಿ ತಂಪಾದ ಗಾಳಿ ಬೀಸುತ್ತಿದ್ದರೂ, ತೆಳುವಾದ ಮೋಡ ಮುಚ್ಚಿದ್ದರೂ ಚರ್ಮಕ್ಕೆ ಹಾನಿ ತಪ್ಪುವುದಿಲ್ಲ. ತಿಳಿಮೋಡದ ಮೂಲಕ ನೂರಕ್ಕೆ ಎಂಬತ್ತರಷ್ಟು ಅತಿನೇರಳೆ ಹಾಯಬಲ್ಲುದು. ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವಷ್ಟು ಹೊತ್ತೂ ಕಿರಣಗಳು ತೀಕ್ಷ್ಣವಾಗಿವೆಯೆಂದು ತಿಳಿಯುವುದು ಉಪಕರಣವಿಲ್ಲದವರಿಗೆ ಒಳ್ಳೆಯ ಅಳತೆ.

ಕರ್ಣಾಟಕವು ಕರ್ಕಾಟಕ ಸಂಕ್ರಾಂತಿ ವೃತ್ತದ ಒಳಗಿರುವುದರಿಂದ ಇಲ್ಲಿ ಸೂರ್ಯನು ವರ್ಷಕ್ಕೆ ಎರಡು ಸಲ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಇದು ಏಪ್ರಿಲ್ ೨೪ರ ಸುಮಾರಿಗೆ ಒಮ್ಮೆ, ಆಗಸ್ಟ್ ೧೮ರ ಸುಮಾರಿಗೆ ಮತ್ತೊಮ್ಮೆ ಸಂಭವಿಸುತ್ತದೆ. ಎತ್ತರಕ್ಕೆ ಏರಿದಂತೆ ಕಿರಣಗಳ ತೀಕ್ಷ್ಣತೆಯೂ ಏರುತ್ತದೆ. ಸಾವಿರ ಮೀಟರಿಗೆ ನೂರಕ್ಕೆ ಸುಮಾರು ಹತ್ತರಂತೆ. ಆದುದರಿಂದ ತಂಪಿಗೆ ಹೆಸರಾದ ಮೈಸೂರು ಪ್ರಸ್ಥಭೂಮಿ ಅತಿನೇರಳೆಯ ವಿಷಯದಲ್ಲಿ ತಂಪಾದ ಪ್ರದೇಶವಲ್ಲ.

೩. ಟೋಪಿಯ ಚರಿತ್ರೆ

ಬಿಸಿಲಿನಿಂದ ರಕ್ಷಣೆ ಎಂಬ ವಿಚಾರ ಭಾರತದ ಆಡಳಿತದಲ್ಲಿ ಹೊಸತಲ್ಲ. ಬ್ರಿಟಿಷರ ಕಾಲದಲ್ಲಿ ಅದೊಂದು ದೊಡ್ಡ ಸಿದ್ಧಾಂತವೇ ಆಗಿತ್ತು. ಬೆಂಡಿನಂಥ ಹಗುರವಾದ ಸೋಲಾ ಗಿಡದ ದಂಟಿನಿಂದ ಮಾಡಿದ ಟೋಪಿಯನ್ನು ಧರಿಸದೆ ಯೂರೋಪಿಯನ್ನನು ಹಗಲಿನಲ್ಲಿ ಹೊರಗೆ ಕಾಲಿಡಬಾರದೆಂಬ ನಿಯಮವಿತ್ತು. ಬೆನ್ನುಹುರಿಗೆ ಬಿಸಿಲು ತಾಗಬಾರದೆಂದು ಸೈನಿಕರ ಬೆನ್ನಿಗೆ ಮೆತ್ತೆ ಹೊಲಿಸುವುದೂ ಇತ್ತು. ೧೯೦೫ರಲ್ಲಿ ಅಮೆರಿಕದ ಸೇನಾವೈದ್ಯ ಚಾರ್ಲ್ಸ್ ವುಡ್ರಫ್ ಉಷ್ಣವಲಯದ ಬೆಳಕು ಬಿಳಿಯರ ನರಮಂಡಲವನ್ನೇ ಹಾಳುಮಾಡುತ್ತದೆಂದು ಒಂದು ಗ್ರಂಥವನ್ನು ಬರೆದನು. ಆ ವಾದವನ್ನು ನಂಬಿ ಫಿಲಿಪ್ಪೀನ್ಸಿನಲ್ಲಿದ್ದ ಅಮೆರಿಕನ್ ಸೈನಿಕರಿಗೆ ಕಿತ್ತಿಳೆಗೆಂಪು ಬಣ್ಣದ ಒಳಉಡುಪುಗಳನ್ನು ತೊಡಿಸಿ ಪರೀಕ್ಷಿಸಲಾಯಿತು. ೧೯೧೦ರ ವೇಳೆಗೆ ಹೊರಬಿದ್ದ ಫಲಿತಾಂಶ: ಯಾವ ಪ್ರಯೋಜನವೂ ಇಲ್ಲ, ಸೆಕೆ ಮಾತ್ರ ಹೆಚ್ಚು. ಎರಡನೆಯ ಮಹಾಯುದ್ಧದ ಕಾಲಕ್ಕೆ ಬ್ರಿಟಿಷ್ ಸೈನ್ಯವೂ ಸೋಲಾ ಟೋಪಿಯನ್ನು ಕೈಬಿಟ್ಟಿತು.

ಈ ಸಿದ್ಧಾಂತದಲ್ಲಿ ಎರಡು ದೋಷಗಳಿದ್ದುವು. ಮೊದಲನೆಯದು, ಬಿಸಿಲಿನ ಹೊಡೆತದಿಂದ ಸಾಯುವುದು ದೇಹ ತನ್ನ ಶಾಖವನ್ನು ಹೊರಹಾಕಲಾರದೆ ಹೋದಾಗ. ಕಿರಣಗಳು ತಲೆಬುರುಡೆಯನ್ನು ಹೊಕ್ಕು ಕೊಲ್ಲುವುದಿಲ್ಲ. ಎರಡನೆಯದು ನಮಗೆ ಹೆಚ್ಚು ಪ್ರಕೃತವಾದುದು. ಟೋಪಿ ಆಳುವವರ ಲಾಂಛನವಾಯಿತು. ಕಪ್ಪು ಮೈಯವನಿಗೆ ಬಿಸಿಲು ಏನೂ ಮಾಡುವುದಿಲ್ಲ ಎಂಬ ನಂಬಿಕೆ ಅದರ ಮರುಮುಖವಾಗಿ ಬೆಳೆಯಿತು. ಕುದುರೆಯ ಮೇಲೆ ಹೋಗುವ ಸಾಹೇಬನಿಗೆ ಟೋಪಿ ಆರೋಗ್ಯದ ಅಗತ್ಯವೆನಿಸಿತು. ಅವನ ಹಿಂದೆ ಪೆಟ್ಟಿಗೆ ಹೊತ್ತು ನಡೆಯುವವನಿಗೆ ಅಂಥ ಅಗತ್ಯ ಇರಬಹುದೆಂದು ಆ ಸಿದ್ಧಾಂತಕ್ಕೆ ತೋರಲಿಲ್ಲ.

ನಮ್ಮ ಜನ ತಮ್ಮ ರಕ್ಷಣೆಯನ್ನು ತಾವೇ ಮಾಡಿಕೊಂಡಿದ್ದರು. ಬಯಲುಸೀಮೆಯ ರುಮಾಲು, ತುಳುನಾಡಿನ ಅಡಕೆಹಾಳೆಯ ಮುಟ್ಟಾಳೆ, ಹೆಂಗಸರ ತಲೆಯ ಮೇಲಿನ ಸೆರಗು ಇವೆಲ್ಲ ಅನುಭವದಿಂದ ಬಂದ ಉಪಾಯಗಳು. ಆದರೆ ರುಮಾಲು ನೆತ್ತಿಯನ್ನು ಕಾಯುತ್ತದೆಯೇ ಹೊರತು, ಅಂಚಿಲ್ಲದ್ದರಿಂದ ಮೂಗು, ಕೆನ್ನೆ, ಕತ್ತಿನ ಹಿಂಭಾಗಗಳಿಗೆ ನೆರಳು ಕೊಡುವುದಿಲ್ಲ.

೪. ಲಸಿಕೆಯ ಋತು, ಸೇವಕನ ಋತು

ದೇವಿ ಹಾಕುವ ಕಾರ್ಯದ ಚರಿತ್ರೆಯಲ್ಲಿ ಈ ವಿಷಯಕ್ಕೆ ಬಹಳ ಬೆಳಕು ಬೀರುವ ಒಂದು ಸಂಗತಿಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಇಪ್ಪತ್ತನೆಯದರ ಮೊದಲ ಭಾಗದಲ್ಲಿಯೂ ಭಾರತದ ಬಯಲುಪ್ರದೇಶಗಳಲ್ಲಿ ದೇವಿ ಹಾಕುವುದಕ್ಕೆ ಒಂದು ಋತುವಿತ್ತು. ಮಳೆಗಾಲ ಮುಗಿದ ಮೇಲೆ ಆರಂಭವಾಗಿ ಬೇಸಗೆ ಬಲಿಯುವ ಮುನ್ನ ಅದು ಮುಗಿಯುತ್ತಿತ್ತು. ಇದಕ್ಕೆ ಕಾರಣ ಬೇಸಗೆಯಲ್ಲಿ ಲಸಿಕೆಯ ದ್ರವ ಕೆಟ್ಟು ನಿಷ್ಫಲವಾಗುತ್ತಿದ್ದುದು. ಸಿಡುಬು ಹೆಚ್ಚಾಗಿ ಹರಡುತ್ತಿದ್ದುದು ವಸಂತ ಮತ್ತು ಬೇಸಗೆಯ ಆರಂಭದಲ್ಲಿ. ಹಾಗಿದ್ದರೂ ದ್ರವದ ದುರ್ಬಲತೆಯಿಂದಾಗಿ ಕೆಲಸವನ್ನು ನಿಲ್ಲಿಸಬೇಕಾಗುತ್ತಿತ್ತು. ದೇವಿ ಹಾಕುವವನಿಗೆ ಬೇಸಗೆಯ ಬಿಸಿಲಿನಿಂದ ದೊರೆಯುತ್ತಿದ್ದ ಬಿಡುವು ಅವನ ಮೈಯನ್ನು ನೋಡಿ ಕೊಟ್ಟದ್ದಲ್ಲ. ಅವನ ಕೈಯಲ್ಲಿದ್ದ ದ್ರವವನ್ನು ನೋಡಿ ಕೊಟ್ಟದ್ದು.

೧೯೫೦ರ ದಶಕದ ಆರಂಭದಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕೋಲಿಯರ್ ಲಸಿಕೆಯನ್ನು ಹೆಪ್ಪುಗಟ್ಟಿಸಿ ಒಣಗಿಸುವ ಉತ್ತಮ ಕ್ರಮವನ್ನು ರೂಪಿಸಿದನು. ಒಣಲಸಿಕೆ ಉಷ್ಣವಲಯದ ಶಾಖವನ್ನೂ ಬಹುಕಾಲ ತಡೆದುಕೊಳ್ಳಬಲ್ಲುದಾಗಿತ್ತು. ಭಾರತದಲ್ಲಿ ಇದನ್ನು ತಯಾರಿಸಿದ ನಾಲ್ಕು ಕೇಂದ್ರಗಳಲ್ಲಿ ನಮ್ಮ ಬೆಳಗಾವಿಯೂ ಒಂದು. ಉಳಿದವು ಪಟವಾಡಾಂಗರ್, ಗಿಂಡಿ ಮತ್ತು ಹೈದರಾಬಾದು. ಈ ಲಸಿಕೆಯಿಂದ ಮಾನವಕುಲಕ್ಕೆ ಆದ ಉಪಕಾರ ಅಪಾರ. ೧೯೭೫ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬಿನ ರೋಗಿ ಕಂಡುಬಂದುದೂ, ೧೯೭೭ರಲ್ಲಿ ದೇಶ ಸಿಡುಬಿನಿಂದ ಮುಕ್ತವೆಂದು ಘೋಷಿತವಾದುದೂ ಅದರ ಫಲ. ಆದರೆ ಅದೇ ಲಸಿಕೆ ಸೇವಕನ ಬೇಸಗೆಯ ಬಿಡುವನ್ನು ಕೊನೆಗಾಣಿಸಿತು ಎಂಬುದೂ ಅಷ್ಟೇ ನಿಜ. ದ್ರವಕ್ಕೆ ಶಾಖವನ್ನು ಸಹಿಸುವ ಶಕ್ತಿ ಬಂದೊಡನೆ, ಅದನ್ನು ಹೊರುವವನಿಗೂ ಆ ಶಕ್ತಿ ಇದೆಯೆಂದು ಭಾವಿಸಿದಂತಾಯಿತು. ೧೯೭೪-೭೫ರಲ್ಲಿ ಉತ್ತರಭಾರತದ ಹಳ್ಳಿಗಳಲ್ಲಿ ಮನೆಮನೆಯ ಶೋಧ ಬೇಸಗೆಯ ತಿಂಗಳುಗಳಲ್ಲಿಯೂ ನಡೆಯಿತು.

ಮಲೇರಿಯ ನಿರ್ಮೂಲನ ಕಾರ್ಯವೂ ಹೀಗೆಯೇ. ೧೯೫೩ರಲ್ಲಿ ನಿಯಂತ್ರಣ ಯೋಜನೆಯಾಗಿ ಆರಂಭವಾಗಿ ೧೯೫೮ರಲ್ಲಿ ನಿರ್ಮೂಲನ ಯೋಜನೆಯಾದ ಈ ಕಾರ್ಯದ ಕಣ್ಗಾವಲು ಹಂತದಲ್ಲಿ, ಸುಮಾರು ಹತ್ತು ಸಾವಿರ ಜನಸಂಖ್ಯೆಗೆ ಒಬ್ಬನಂತೆ ನೇಮಕಗೊಂಡ ಸಿಬ್ಬಂದಿ ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೂ ಭೇಟಿಕೊಡಬೇಕಾಗಿತ್ತು. ಜ್ವರ ಬಂದವರ ರಕ್ತದ ಲೇಪ ಎಷ್ಟು ಸಂಗ್ರಹವಾಯಿತು, ಎಷ್ಟರಲ್ಲಿ ರೋಗಾಣು ಕಂಡಿತು ಎಂಬ ಅಂಕಿಗಳು ಕಾರ್ಯವನ್ನು ಅಳೆದವು. ಕಾರ್ಯಕರ್ತನನ್ನು ಅಳೆಯುವುದು ಅವುಗಳ ಉದ್ದೇಶವಾಗಿರಲಿಲ್ಲ.

ಈ ಪ್ರವೃತ್ತಿ ಇನ್ನೂ ಮುಂದುವರಿದಿದೆ. ೧೯೯೬ರಿಂದ ಪೋಲಿಯೋ ಲಸಿಕೆಯ ಸೀಸೆಗಳ ಮೇಲೆ ಒಂದು ಸಣ್ಣ ಗುರುತು ಬಂದಿತು. ಸೀಸೆಗೆ ತಗುಲಿದ ಶಾಖ ಕೂಡುತ್ತ ಹೋದಂತೆ ಗುರುತಿನ ಬಣ್ಣ ಗಾಢವಾಗುತ್ತದೆ; ಮಿತಿಯನ್ನು ಮೀರಿದ ಸೀಸೆಯನ್ನು ಬಳಸುವಂತಿಲ್ಲ. ಸೀಸೆಗಳು ಮಂಜಿನ ಚೀಲಗಳ ನಡುವೆ ೨ರಿಂದ ೮ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪ್ರಯಾಣ ಮಾಡುತ್ತವೆ. ಇದು ಅತ್ಯಂತ ವಿವೇಕದ ವ್ಯವಸ್ಥೆ. ಅದೇ ಪೆಟ್ಟಿಗೆಯನ್ನು ಹೆಗಲಿಗೆ ತೂಗುಹಾಕಿಕೊಂಡ ಹೆಂಗಸಿಗೆ ತಗುಲಿದ ಬಿಸಿಲಿನ ಲೆಕ್ಕಕ್ಕೆ ಮಾತ್ರ ಅವಳ ಚರ್ಮವೇ ದಫ್ತರು.

೫. ಕಪ್ಪು ಚರ್ಮಕ್ಕೆ ಆಗುವುದೇನು?

ಈಗ ನಮ್ಮ ಇಂದಿನ ಸೇವಕರ ಸ್ಥಿತಿಗೆ ಬರೋಣ. ೨೦೦೫ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸಾವಿರ ಜನಸಂಖ್ಯೆಗೆ ಒಬ್ಬಳಂತೆ ಆಶಾ ಕಾರ್ಯಕರ್ತೆಯನ್ನು ಆರಿಸುವ ಪದ್ಧತಿ ಬಂದಿತು. ಕರ್ಣಾಟಕದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ಈ ಕೆಲಸದಲ್ಲಿದ್ದಾರೆ. ಗರ್ಭಿಣಿಯರ ಭೇಟಿ, ಶಿಶುಗಳ ಲಸಿಕೆ, ಕ್ಷಯರೋಗಿಗಳ ವಿಚಾರಣೆ, ಲಾರ್ವಾ ಸಮೀಕ್ಷೆ ಇವೆಲ್ಲ ಹಗಲಿನ ನಡಿಗೆಯ ಕೆಲಸಗಳು. ಸೀರೆ ಮೈಯ ಬಹುಭಾಗವನ್ನು ಮುಚ್ಚುತ್ತದೆ. ಮುಖ, ಕತ್ತಿನ ಹಿಂಭಾಗ, ಮುಂಗೈ, ಪಾದದ ಮೇಲ್ಭಾಗಗಳು ತೆರೆದೇ ಇರುತ್ತವೆ.

ಇವರಿಗೆ ಚರ್ಮದ ಕ್ಯಾನ್ಸರಿನ ಭಯ ಎಷ್ಟು? ಬಿಳಿಯರೊಡನೆ ಹೋಲಿಸಿದರೆ ಬಹಳ ಕಡಮೆ ಎಂಬುದೇ ಸತ್ಯವಾದ ಉತ್ತರ. ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ನಿಜವಾಗಿಯೂ ರಕ್ಷೆ. ೧೯೭೯ರಲ್ಲಿ ಪ್ರಕಟವಾದ ಒಂದು ಅಳತೆಯ ಪ್ರಕಾರ ಬಿಳಿಯ ಮೇಲ್ಚರ್ಮದ ಮೂಲಕ 'ಬಿ' ಕಿರಣಗಳ ಸುಮಾರು ನಾಲ್ಕನೆಯ ಒಂದು ಭಾಗ ಹಾಯ್ದರೆ, ಆಫ್ರಿಕನ್ ಮೂಲದವರ ಮೇಲ್ಚರ್ಮದ ಮೂಲಕ ನೂರಕ್ಕೆ ಏಳರಷ್ಟು ಮಾತ್ರ ಹಾಯ್ದಿತು. ಭಾರತೀಯರ ಚರ್ಮ ಬಹುಮಟ್ಟಿಗೆ ಇವೆರಡರ ನಡುವಣದು. ಹೋಮ್ ೧೮೨೦ರಲ್ಲಿ ಹೇಳಿದ್ದು ಇಷ್ಟರಮಟ್ಟಿಗೆ ಸರಿ.

ಆದರೆ ರಕ್ಷೆ ಎಂದರೆ ಅಭೇದ್ಯವಾದ ಕೋಟೆಯಲ್ಲ. ಕ್ಯಾನ್ಸರ್ ಒಂದೇ ಹಾನಿಯೂ ಅಲ್ಲ. ನಮ್ಮ ಹೆಂಗಸರಲ್ಲಿ ಕೆನ್ನೆ, ಹಣೆ, ಮೂಗಿನ ಮೇಲೆ ಕಂದುಬಣ್ಣದ ಪಟ್ಟೆಗಳಾಗಿ ಕಾಣುವ ಬಂಗು ಬಿಸಿಲಿನಿಂದ ಹೆಚ್ಚುತ್ತದೆ. ಗರ್ಭಧಾರಣೆಯೂ ಕೆಲವು ಹಾರ್ಮೋನುಗಳೂ ಅದಕ್ಕೆ ನೆರವಾಗುತ್ತವೆ. ರಕ್ಷಕವೆಂದು ಹೊಗಳಿಸಿಕೊಂಡ ವರ್ಣದ್ರವ್ಯವೇ ಇಲ್ಲಿ ತೊಂದರೆಗೆ ಕಾರಣವಾಗುತ್ತದೆ. ಬಿಸಿಲು ತಾಗಿದ ಕೆಲವು ಗಂಟೆಗಳ ಬಳಿಕ ಕತ್ತು ಮತ್ತು ಮುಂಗೈಗಳ ಮೇಲೆ ನವೆಯೊಡನೆ ಏಳುವ ಗುಳ್ಳೆಗಳು ಇನ್ನೊಂದು ಬಗೆ. ಬೆವರುಸಾಲೆ ಕಿರಣದ ಫಲವಲ್ಲ, ಶಾಖದ ಫಲ. ಆದರೆ ಹೊರಗೆ ದುಡಿಯುವವರಿಗೆ ಎರಡೂ ಒಟ್ಟಿಗೆ ಬರುತ್ತವೆ. ಕಣ್ಣಿನ ಪೊರೆ ಬೆಳೆಯುವುದಕ್ಕೂ, ಬಿಳಿಗುಡ್ಡೆಯಿಂದ ಕರಿಗುಡ್ಡೆಯ ಮೇಲೆ ಮಾಂಸದ ಪದರ ಹರಡುವುದಕ್ಕೂ ಅತಿನೇರಳೆ ಕಾರಣಗಳಲ್ಲೊಂದು. ಇದರಲ್ಲಿ ಚರ್ಮದ ಬಣ್ಣದಿಂದ ಕಣ್ಣಿಗೆ ರಕ್ಷಣೆ ದೊರೆಯುವುದಿಲ್ಲ. ಕೆಲವು ಔಷಧಗಳು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತವೆ. ಇಲಿಜ್ವರದ ತಡೆಗೆಂದು ನುಂಗುವ ಡಾಕ್ಸಿಸೈಕ್ಲಿನ್ ಅಂಥದು.

ನಮ್ಮ ನಾಡಿಗೆ ವಿಶೇಷವಾದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಜನ ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ ೧೯೫೦ರ ದಶಕದ ನಡುವೆ ಪುಣೆಯಲ್ಲಿ ಗುರುತಿಸಲ್ಪಟ್ಟು, ಮುಂದೆ ಕರ್ಣಾಟಕದ ಬೀಳುಭೂಮಿ, ರಸ್ತೆಯಂಚುಗಳನ್ನೆಲ್ಲ ಆಕ್ರಮಿಸಿತು. ಅದನ್ನು ತಿನ್ನುವ ಜೀರುಂಡೆಯೊಂದನ್ನು ೧೯೮೩ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ, ಮರುವರ್ಷ ಹೊರಗೆ ಬಿಡಲಾಯಿತು. ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಒಗ್ಗದವರಿಗೆ ಗಾಳಿಯಲ್ಲಿ ತೇಲುವ ಕಣಗಳೇ ಸಾಕು; ಕಣ್ಣೆವೆ, ಕತ್ತು, ಮೊಳಕೈಯ ಮಡಿಕೆಗಳು ನವೆಯಿಂದ ದಪ್ಪವಾಗುತ್ತವೆ. ಕೆಲವರಲ್ಲಿ ವರ್ಷಗಳು ಕಳೆದಂತೆ ರೋಗ ತನ್ನ ರೂಪವನ್ನು ಬದಲಿಸಿ, ಬಿಸಿಲೇ ಚರ್ಮಕ್ಕೆ ಅಸಹ್ಯವಾಗುತ್ತದೆ. ಬಯಲಿನಲ್ಲಿ ನಡೆಯುವ ಕೆಲಸದಿಂದಲೇ ಜೀವನ ಸಾಗಬೇಕಾದವರಿಗೆ ಇದು ಸಣ್ಣ ಸಂಕಟವಲ್ಲ.

ವಿಜ್ಞಾನ ಯಾರ ಚರ್ಮವನ್ನು ನೋಡಿ ಬೆಳೆಯಿತೆಂಬ ಪ್ರಶ್ನೆ ಇಲ್ಲಿ ಮತ್ತೆ ಏಳುತ್ತದೆ. ಬಿಸಿಲುಲೇಪಗಳ ಶಕ್ತಿಯನ್ನು ಅಳೆಯುವ ಅಂಕ ಚರ್ಮ ಕೆಂಪೇರುವುದನ್ನು ಆಧರಿಸಿದುದು. ಅದು ಬಿಳಿಯ ಚರ್ಮದ ಅಳತೆ. ೨೦೧೦ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಅತಿನೇರಳೆ ಮಾತ್ರವಲ್ಲದೆ ಕಣ್ಣಿಗೆ ಕಾಣುವ ಬೆಳಕೂ ಕಪ್ಪು ಚರ್ಮವನ್ನು ಬಹುಕಾಲ ಉಳಿಯುವಂತೆ ಕಪ್ಪಾಗಿಸುತ್ತದೆ, ಬಿಳಿಯ ಚರ್ಮದಲ್ಲಿ ಹಾಗಾಗುವುದಿಲ್ಲ ಎಂದು ತೋರಿಸಿತು. ಸಾಮಾನ್ಯ ಲೇಪಗಳು ಕಾಣುವ ಬೆಳಕನ್ನು ತಡೆಯುವುದಿಲ್ಲ; ಕಬ್ಬಿಣದ ಆಕ್ಸೈಡು ಬೆರೆತ ಬಣ್ಣದ ಲೇಪಗಳು ತಡೆಯುತ್ತವೆ. ಬಂಗಿಗೆ ಮದ್ದೆಂದು ಬೆಲೆಕೊಟ್ಟು ಬಿಳಿಯ ಲೇಪವನ್ನು ಕೊಂಡವಳಿಗೆ ಫಲ ಅರ್ಧ ಮಾತ್ರ ಸಿಗುವುದಕ್ಕೆ ಇದೊಂದು ಕಾರಣ.

ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ ೨೦೨೩ರಲ್ಲಿ ಪ್ರಕಟಿಸಿದ ಅಂದಾಜನ್ನೂ ಇದೇ ದೃಷ್ಟಿಯಿಂದ ಓದಬೇಕು. ೨೦೧೯ರಲ್ಲಿ ಜಗತ್ತಿನ ದುಡಿಯುವ ವಯಸ್ಸಿನವರಲ್ಲಿ ನೂರಕ್ಕೆ ೨೮ ಮಂದಿ, ಎಂದರೆ ೧೬೦ ಕೋಟಿ ಜನ, ಕೆಲಸದಲ್ಲಿ ಸೂರ್ಯನ ಅತಿನೇರಳೆಗೆ ಒಡ್ಡಿಕೊಂಡಿದ್ದರು. ಆ ವರ್ಷ ೧೮೩ ದೇಶಗಳಲ್ಲಿ ಸುಮಾರು ೧೯,೦೦೦ ಮಂದಿ ಬಿಸಿಲಿನ ದುಡಿಮೆಯಿಂದ ಬಂದ, ಮೆಲನೋಮವಲ್ಲದ ಚರ್ಮದ ಕ್ಯಾನ್ಸರಿನಿಂದ ಮೃತರಾದರು. ಈ ಅಂಕಿ ಮಹತ್ತ್ವದ್ದೇ. ಆದರೆ ಮರಣವನ್ನು ಮಾತ್ರ ಎಣಿಸಿದರೆ ಬಂಗು, ಗುಳ್ಳೆ, ಕಣ್ಣಿನ ಪೊರೆಗಳು ಎಣಿಕೆಯಿಂದ ಹೊರಗುಳಿಯುತ್ತವೆ. ನಮ್ಮ ಸೇವಕಿಯರ ಪಾಡು ಬಹುಮಟ್ಟಿಗೆ ಆ ಹೊರಗುಳಿದ ಭಾಗದಲ್ಲಿದೆ.

೬. ಪರಿಹಾರದ ದಾರಿ

ಬಿಸಿಲು ಶತ್ರುವಲ್ಲ. ೧೯೧೯ರಲ್ಲಿ ಬರ್ಲಿನ್ನಿನ ಕುರ್ಟ್ ಹುಲ್ದ್‌ಶಿನ್ಸ್ಕಿ ಅತಿನೇರಳೆಯಿಂದ ಮಕ್ಕಳ ಮೂಳೆರೋಗವನ್ನು ಗುಣಪಡಿಸಿ ತೋರಿಸಿದನು. ನಮ್ಮ ದೇಶದಲ್ಲಿ 'ಡಿ' ಜೀವಸತ್ವದ ಕೊರತೆ ಇಂದಿಗೂ ಬಹಳ. ಅತಿರೇಕವನ್ನು ತಪ್ಪಿಸುವುದೊಂದೇ ಇಲ್ಲಿನ ಪ್ರಶ್ನೆ.

ಇದಕ್ಕೆ ಮೊದಲನೆಯ ಉಪಾಯ ವೇಳೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಬೇಸಗೆಯ ತಿಂಗಳುಗಳಿಗೆ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ ೮ರಿಂದ ಮಧ್ಯಾಹ್ನ ೧-೩೦ರವರೆಗೆ ಬದಲಿಸುವ ಆದೇಶಗಳು ಹಲವು ವರ್ಷಗಳಲ್ಲಿ ಹೊರಟಿವೆ. ಅಪರಾಹ್ನದ ಶಾಖದಿಂದ ತಪ್ಪಿಸಿಕೊಳ್ಳಲು ಇದು ಒಳ್ಳೆಯ ಕ್ರಮ. ಆದರೆ ಕಲಬುರಗಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ೧೨-೨೦ರ ಸುಮಾರಿಗೆ. ಛಾವಣಿಯ ಕೆಳಗೆ ಕುಳಿತ ಗುಮಾಸ್ತನಿಗೆ ಇದರಿಂದ ಬಾಧೆಯಿಲ್ಲ. ಬೀದಿಯಲ್ಲಿರುವ ಸೇವಕಿಗೆ ಅತಿನೇರಳೆಯ ಅತ್ಯಂತ ತೀಕ್ಷ್ಣವಾದ ಹೊತ್ತು ಈ ವೇಳೆಯ ಒಳಗೇ ಬೀಳುತ್ತದೆ. ಮನೆಭೇಟಿಗಳನ್ನು ಹತ್ತರೊಳಗೆ ಮುಗಿಸಿ, ಬರವಣಿಗೆಯ ಕೆಲಸವನ್ನು ನಡುಹಗಲಿಗೆ ಇಟ್ಟುಕೊಳ್ಳುವ ಅವಕಾಶವಿದ್ದರೆ ಖರ್ಚಿಲ್ಲದೆ ಬಹಳ ಪ್ರಯೋಜನವಾದೀತು.

ಎರಡನೆಯದು ಉಡುಪು. ಬಿಗಿಯಾಗಿ ನೇಯ್ದ, ಗಾಢವರ್ಣದ ಬಟ್ಟೆ ಕಿರಣಗಳನ್ನು ಚೆನ್ನಾಗಿ ತಡೆಯುತ್ತದೆ. ತೆಳುವಾದ ಬಿಳಿಯ ಹತ್ತಿಬಟ್ಟೆ ಅಷ್ಟು ತಡೆಯುವುದಿಲ್ಲ. ಬೆವರಿನಿಂದ ತೊಯ್ದರೆ ಇನ್ನೂ ಕಡಮೆ. ಸಮವಸ್ತ್ರವನ್ನು ಆರಿಸುವವರು ಬಣ್ಣದ ಜೊತೆಗೆ ನೇಯ್ಗೆಯನ್ನೂ ನೋಡಬೇಕು. ಕೊಡೆ, ಅಗಲವಾದ ಅಂಚಿನ ಟೋಪಿ, ಪೂರ್ಣತೋಳು, ತಂಪುಕನ್ನಡಕ ಇವು ಸೇವಾಸಾಮಗ್ರಿಯ ಭಾಗವಾಗಬೇಕು. ಲೇಪಗಳಿಂದಲೂ ಪ್ರಯೋಜನವುಂಟು. ಆಸ್ಟ್ರೇಲಿಯದ ನಂಬೂರಿನಲ್ಲಿ ೧೯೯೨ರಲ್ಲಿ ಆರಂಭವಾದ ಪ್ರಯೋಗದಲ್ಲಿ ದಿನಂಪ್ರತಿ ಲೇಪ ಬಳಸಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ನೂರಕ್ಕೆ ಸುಮಾರು ೪೦ರಷ್ಟು ಕಡಮೆಯಾಯಿತು. ಆದರೆ ಬೆವರುವ ಮೈಗೆ ಎರಡು ಗಂಟೆಗೊಮ್ಮೆ ಲೇಪ ಹಚ್ಚುವುದು ಗೌರವಧನದ ಮೇಲೆ ಬಾಳುವವರಿಗೆ ಸುಲಭವಲ್ಲವಾದ್ದರಿಂದ ನೆರಳು ಮತ್ತು ಬಟ್ಟೆಗಳಿಗೇ ಮೊದಲ ಸ್ಥಾನ.

ಮೂರನೆಯದು ಶಾಸನ. ೧೯೨೩ರ ಕಾರ್ಮಿಕ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಔದ್ಯೋಗಿಕ ರೋಗಗಳ ಪಟ್ಟಿಯಿತ್ತು. ಅದರಲ್ಲಿ ಹೆಸರಿಸಿದ ಚರ್ಮದ ಕ್ಯಾನ್ಸರ್ ಟಾರು, ಡಾಂಬರು, ಖನಿಜತೈಲಗಳಿಂದ ಬರುವುದು. ಸೂರ್ಯನ ಹೆಸರು ಅಲ್ಲಿರಲಿಲ್ಲ. ಜರ್ಮನಿಯು ೨೦೧೫ರಲ್ಲಿ ಬಿಸಿಲಿನಿಂದ ಬರುವ ಕೆಲವು ಚರ್ಮರೋಗಗಳನ್ನು ಔದ್ಯೋಗಿಕ ರೋಗಗಳೆಂದು ಹೆಸರಿಸಿಯೇ ಅಂಗೀಕರಿಸಿತು. ನಮ್ಮಲ್ಲಿ ಇನ್ನೊಂದು ತೊಡಕು ಉಂಟು. ಆಶಾ ಕಾರ್ಯಕರ್ತೆಯನ್ನು ವ್ಯವಸ್ಥೆ ಸ್ವಯಂಸೇವಕಿಯೆಂದು ಕರೆಯುತ್ತದೆ. ಉದ್ಯೋಗವೇ ಅಲ್ಲವೆಂದ ಮೇಲೆ ಔದ್ಯೋಗಿಕ ರೋಗವೆಂಬ ಮಾತು ಎಲ್ಲಿಂದ ಬರಬೇಕು?

ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿದುಬರುವುದಿಷ್ಟು. ಬಿಸಿಲಿನ ಹಾನಿಯನ್ನು ಕುರಿತ ಜ್ಞಾನ ದುಡಿಯುವವರ ಚರ್ಮವನ್ನು ನೋಡಿಯೇ ಹುಟ್ಟಿತು. ಆದರೆ ಆ ಚರ್ಮ ಬಿಳಿಯದಾಗಿತ್ತು. ವಸಾಹತು ಆಡಳಿತ ಬಿಸಿಲಿಗೆ ಅಂಜಿ ಆಳುವವರಿಗೆ ಟೋಪಿ ಕೊಟ್ಟಿತು, ನಡೆಯುವವರನ್ನು ಮರೆಯಿತು. ಸ್ವತಂತ್ರ ಭಾರತದ ಮಹತ್ಕಾರ್ಯಗಳು ಲಸಿಕೆಯನ್ನು ಶಾಖದಿಂದ ಕಾಪಾಡುವ ವಿದ್ಯೆಯನ್ನು ಕಲಿತವು. ಲಸಿಕೆಯನ್ನು ಹೊರುವವರ ವಿಷಯದಲ್ಲಿ ಆ ಎಚ್ಚರ ಇನ್ನೂ ಬರಬೇಕಾಗಿದೆ.

ಕಾಲೇಜುಗಳಲ್ಲಿ ಚರಿತ್ರೆಯನ್ನು ಬೋಧಿಸುವವರಿಗೂ ಅಭ್ಯಸಿಸುವವರಿಗೂ ಇಲ್ಲಿ ಮಾಡಬೇಕಾದ ಕೆಲಸವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳೆಯ ದಫ್ತರುಗಳು, ಪ್ರವಾಸದ ದಿನಚರಿಗಳು, ನಿವೃತ್ತರಾದ ಸೇವಕ ಸೇವಕಿಯರ ನೆನಪುಗಳು ನಮ್ಮ ಊರುಗಳಲ್ಲಿಯೇ ದೊರೆಯುವ ಆಕರಗಳು. ಯಾವ ಹೊತ್ತಿನಲ್ಲಿ ಹೊರಟರು, ಎಷ್ಟು ದೂರ ನಡೆದರು, ತಲೆಗೆ ಏನನ್ನು ಧರಿಸಿದರು, ಮುಖದ ಬಂಗಿಗೆ ಯಾರಲ್ಲಿ ಮದ್ದು ಕೇಳಿದರು ಎಂದು ವಿಚಾರಿಸಿ ಬರೆದಿಡುವುದಕ್ಕೆ ದೊಡ್ಡ ಅನುದಾನವೇನೂ ಬೇಕಾಗಿಲ್ಲ. ಮಲೇರಿಯ ಯೋಜನೆಯ ಕಾಲದಲ್ಲಿ ನಡೆದವರು ಈಗ ಬಹಳ ವೃದ್ಧರಾಗಿದ್ದಾರೆ. ಅವರಿರುವಾಗಲೇ ಈ ಕೆಲಸ ಆಗುವುದು ಒಳ್ಳೆಯದು.